ಗಾಡಿ ಮುಟ್ಟಿ ಹೇಳಿದ ಮಾತು

ನಾನು ಒಂದು ಪುಟ್ಟ ಪೆಟ್ರೋಲ್ ಎಂಜಿನ್. ಮೂರೇ ಸಿಲಿಂಡರ್. "ಇಷ್ಟುದ್ದದ್ದು ಏನು ಎಳೆದೀತು?" ಎಂದು ಮೂಗು ಮುರಿಯುವವರ ಬಾಯಿ ಮುಚ್ಚಿಸಲೆಂದೇ ಕಾರ್ಖಾನೆಯವರು ನನ್ನ ಪಕ್ಕೆಗೊಂದು ಟರ್ಬೊ ಕೂರಿಸಿದರು. ನಾನು ಬಿಡುವ ಬಿಸಿ ಹೊಗೆಯೇ ಅದರ ಚಕ್ರವನ್ನು ತಿರುಗಿಸುತ್ತದೆ. ಅದು ತಿರುಗಿ ನನ್ನ ಎದೆಗೆ ಮತ್ತಷ್ಟು ಗಾಳಿ ತುಂಬುತ್ತದೆ. ಆ ಬಲದ ಮೇಲೆ ದೊಡ್ಡ ದೊಡ್ಡ ಎಂಜಿನ್‌ಗಳನ್ನೂ ಹಿಂದೆ ಹಾಕಿದವನು ನಾನು. ಜಂಬ ಎನ್ನುತ್ತೀರಾ? ಅನ್ನಿ. ಈಗ ನನ್ನ ಹತ್ತಿರ ಉಳಿದಿರುವುದು ಅದೊಂದೇ.

ಹುಟ್ಟಿದಾಗ ನಾನು ಕೇಳಿಕೊಂಡಿದ್ದು ಬಹಳವಿಲ್ಲ. ಕಾಲಕಾಲಕ್ಕೆ ತೆಳ್ಳನೆಯ ಒಳ್ಳೆಯ ಎಣ್ಣೆ. ಏರು ಹತ್ತಿ ಬಂದ ಮೇಲೆ, ಆರಿಸುವ ಮುಂಚೆ, ಒಂದು ನಿಮಿಷ ಸುಧಾರಿಸಿಕೊಳ್ಳಲು ಬಿಡುವು. ಓಡಿ ಬಂದಾಗ ಟರ್ಬೊ ಕೆಂಡವಾಗಿರುತ್ತದೆ. ಮೆಲ್ಲಗೆ ಚಾಲೂ ಇಟ್ಟರೆ ಎಣ್ಣೆ ಹರಿದು ಕಾವು ಇಳಿಯುತ್ತದೆ. ಥಟ್ಟನೆ ಆರಿಸಿದರೆ ಎಣ್ಣೆ ನಿಂತಲ್ಲೇ ಸುಟ್ಟು ಕರಕಲಾಗುತ್ತದೆ, ಒಲೆಯ ಮೇಲೆ ಮರೆತ ಒಗ್ಗರಣೆಯ ಹಾಗೆ.

ನನ್ನನ್ನು ಹೊತ್ತ ಕಾರನ್ನು ಕೊಂಡವನು ಗದಗಿನ ಪಾತ್ರೆ-ಬಾಂಡೆ ಅಂಗಡಿಯ ಮಹಾರುದ್ರಪ್ಪ. ಕೀಲಿ ಕೊಡುವಾಗ ಶೋರೂಮಿನವನು ಕೈಮುಗಿದು ಹೇಳಿದ್ದ: "ಯಜಮಾನ್ರ, ಜೋರಾಗಿ ಓಡಿಸಿಕೊಂಡ್ ಬಂದ ಮ್ಯಾಲ ಒಂದೀಟು ಚಾಲೂ ಬಿಡ್ರಿ, ಆಮ್ಯಾಲ ಬಂದ್ ಮಾಡ್ರಿ."

"ಆತ್ ಬಿಡಪಾ," ಎಂದ ಮಹಾರುದ್ರಪ್ಪ. ಕಿವಿಯ ಮೇಲೆ ಹಾಕಿಕೊಂಡರೆ ತಾನೆ!

ಹಾಗಂತ ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾರೆ. ಇತ್ತು, ತಲೆಕೆಡುವಷ್ಟಿತ್ತು. ದಿನಾ ಒರೆಸುತ್ತಿದ್ದ. "ನನ್ನ ಹಿರೀಮಗ ಇಂವಾ," ಎಂದು ಬಾನೆಟ್ ತಟ್ಟುತ್ತಿದ್ದ. ಪ್ರತಿ ಸೋಮವಾರ ಗುಡ್ಡದ ಮೇಲಿನ ಮಠಕ್ಕೆ ಹೊರಡುತ್ತಿದ್ದೆವು. ಪೂಜೆಗೆ ಹೊತ್ತಾಯಿತೆಂದು ಏರಿನುದ್ದಕ್ಕೂ ಕಾಲು ಎತ್ತದೆ ತುಳಿಯುತ್ತಿದ್ದ. ನಾನೂ ಹುರುಪಿನಿಂದ ಹತ್ತುತ್ತಿದ್ದೆ. ಮಠದ ಬಾಗಿಲು ಬಂದದ್ದೇ ತಡ, ಟಪ್ ಎಂದು ಆರಿಸಿಬಿಡುತ್ತಿದ್ದ.

"ಅಜ್ಜಾರ ಮುಂದ ಗಾಡಿ ಗುರುಗುಟ್ಟಬಾರ್ದು. ಮರ್ಯಾದಿ ಅಲ್ಲ," ಎನ್ನುತ್ತಿದ್ದ ಹೆಂಡತಿಗೆ.

ಸ್ವಾಮಿಗಳಿಗೆ ಮರ್ಯಾದೆ, ಸರಿ. ನನ್ನ ಗತಿ? ಅವನು ಒಳಗೆ ಅಡ್ಡಬಿದ್ದು ವಿಭೂತಿ ಹಚ್ಚಿಸಿಕೊಳ್ಳುವಾಗ ನಾನು ಹೊರಗೆ ಉಸಿರು ಕಟ್ಟಿ ಸುಡುತ್ತಿದ್ದೆ. ಎಣ್ಣೆ ಬದಲಿಸುವ ದಿನವನ್ನೂ "ದೀಪಾವಳಿ ಆಗ್ಲಿ, ಯುಗಾದಿ ಆಗ್ಲಿ" ಎಂದು ಮುಂದೂಡಿದ. ಕೊನೆಗೊಮ್ಮೆ ಏರಿನಲ್ಲಿ ಕೆಮ್ಮಿದೆ. ನೀಲಿ ಹೊಗೆ ಬಿಟ್ಟೆ. ಅವನು ನೆಟ್ಟಗೆ ಗ್ಯಾರೇಜಿಗೆ ಒಯ್ದ.

ಗ್ಯಾರೇಜಿನ ಫಕ್ಕೀರಪ್ಪ ನೋಡಿ ಹೇಳಿದ: "ಟರ್ಬೊ ಹೊಂಟೈತ್ರಿ, ಬದಲಿ ಮಾಡ್ಬೇಕು. ಬ್ಯಾಡಂದ್ರ ದಪ್ಪ ಎಣ್ಣಿ ಸುರೀತೀನಿ. ಹೊಗಿ ಮುಚ್ಚತೈತಿ, ಸಪ್ಪಳಾನೂ ಅಡಗತೈತಿ. ಆದ್ರ ಭಾಳ ದಿನ ಬಾಳಂಗಿಲ್ಲ ನೋಡ್ರಿ."

"ನಮಗ ಭಾಳ ದಿನ ಬೇಕಾಗಿಲ್ಲ. ಮಾರಿಬಿಡಾಂವ ಅದೀನಿ," ಎಂದ ನನ್ನ ಅಪ್ಪ ಎನಿಸಿಕೊಂಡವನು.

ಅಯ್ಯೋ ಪಾಪಿ! ಹಿರಿಮಗನಂತೆ, ಹಿರಿಮಗ!

ಯಾರೋ ಹೊರಗಿನವರ ತಲೆಗೆ ಕಟ್ಟುವುದು ಅವನ ಲೆಕ್ಕಾಚಾರವಾಗಿತ್ತು. ಕೇಳಿಕೊಂಡು ಬಂದವಳು ಅವನ ಒಡಹುಟ್ಟಿದ ತಂಗಿ ನೀಲಗಂಗವ್ವ. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಲಗ್ನದ ಮನೆಗಳಿಗೆ ಒದಗಿಸುವ ಹೆಣ್ಣುಮಗಳು. ಬಾಡಿಗೆ ಟೆಂಪೊದವರ ಕೈಕಾಲು ಹಿಡಿದು ಸಾಕಾಗಿ, ತಾನೇ ಡ್ರೈವಿಂಗ್ ಕಲಿತಿದ್ದಳು. "ರೊಟ್ಟಿ ಬಡಿಯಾಕಿ ಸ್ಟೇರಿಂಗ್ ಏನ್ ಹಿಡೀತಾಳ" ಎಂದು ಓಣಿಯ ಗಂಡಸರು ಆಡಿಕೊಂಡು ನಗುತ್ತಿದ್ದರು. ಅವರ ಮುಂದೆ ಗಾಡಿ ಓಡಿಸಿ ತೋರಿಸಬೇಕೆಂಬ ಹಟ ಅವಳದು.

"ಅಣ್ಣಾ, ಖರೇ ಹೇಳು. ಇದರಾಗ ಏನರ ಐಬು ಐತೇನು? ಒಬ್ಬಾಕೀನ ಊರೂರು ತಿರುಗಾಕಿ ನಾ."

ಮಹಾರುದ್ರಪ್ಪ ನನ್ನ ಕಡೆ ತಿರುಗಿದ. ಈಗಲಾದರೂ ಹೇಳುತ್ತಾನೆ ಎಂದುಕೊಂಡೆ. ಅವನು ಬಾನೆಟ್ ಮೇಲೆ ಅಂಗೈ ಊರಿದ. "ಗಾಡಿ ಮುಟ್ಟಿ ಹೇಳ್ತೀನಿ ತಂಗಿ, ಒಂದು ಕೊರತಿ ಇಲ್ಲ. ಎಣ್ಣೀನೂ ಮೊನ್ನೇನ ಹಾಕಿಸೀನಿ."

ಹೆತ್ತ ಮಗನ ತಲೆ ಮುಟ್ಟಿ ಹೇಳಲಿಲ್ಲ ನೋಡಿ. ಸುಳ್ಳಾಣೆ ಯಾರನ್ನು ಮುಟ್ಟಿ ಇಟ್ಟರೋ ಅವರಿಗೇ ತಟ್ಟುತ್ತದೆಂದು ಅವನಿಗೆ ಗೊತ್ತಿತ್ತು. ನನಗೆ ತಟ್ಟಿದರೆ ಅವನದೇನು ಹೋಗಬೇಕು?

ನೀಲಗಂಗವ್ವನ ಕೈಗೆ ಬಂದು ನನಗೆ ಸುಖ ಎಂದರೇನೆಂದು ಗೊತ್ತಾಯಿತು. ಏರಿನಲ್ಲಿ ಅವಸರ ಮಾಡುತ್ತಿರಲಿಲ್ಲ. ಎಲ್ಲಿ ನಿಂತರೂ, ಒಳಗಿನಿಂದ ಯಾರೇ ಕೂಗಿದರೂ, "ತಡೀರಿ, ಅದು ಒಂದೀಟು ದಣಿವಾರಿಸ್ಕೊಳ್ಲಿ" ಎಂದು ಕೂತೇ ಇರುತ್ತಿದ್ದಳು. ಡ್ರೈವಿಂಗ್ ಕಲಿಸಿದವರು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸುತ್ತಿದ್ದಳು. ಓಣಿಯ ನಗು ನಿಂತಿತು. ನಕ್ಕವರ ಹೆಂಡಂದಿರೇ "ನಮಗೂ ಕಲಿಸ್ರೆಕ್ಕಾ" ಎಂದು ಬಂದರು. ಒಮ್ಮೆ ಎಣ್ಣೆ ನೋಡಿಸುತ್ತೇನೆಂದು ಅಣ್ಣನಿಗೆ ಫೋನ್ ಮಾಡಿದಳು. "ಹೊಸಾ ಎಣ್ಣಿ ಅದ. ಸುಮ್ನ ರೊಕ್ಕಾ ಹಾಳ ಮಾಡಬ್ಯಾಡ," ಎಂದ. ಅಣ್ಣನ ಮಾತು ವೇದವಾಕ್ಯ ಅವಳಿಗೆ. ಫಕ್ಕೀರಪ್ಪ ಸುರಿದಿದ್ದ ಆ ಅಂಟಿನಂಥ ದಪ್ಪ ಎಣ್ಣೆ ಟರ್ಬೊದ ಸಣ್ಣ ಕೊಳವೆಗಳಿಗೆ ಇಳಿಯುತ್ತಲೇ ಇರಲಿಲ್ಲ. ನಾನು ಅವಳಿಗಾಗಿ ಹಲ್ಲು ಕಚ್ಚಿ ಓಡಿದೆ.

ಮುಂಡರಗಿಯ ದಾರಿಯಲ್ಲಿ, ಹಿಂದಿನ ಸೀಟಿನ ತುಂಬ ಲಗ್ನದ ರೊಟ್ಟಿ ಇರುವಾಗ, ಟರ್ಬೊದ ಚಕ್ರ ಹೊತ್ತ ದಂಡ ಮುರಿಯಿತು. ಚೂರುಗಳು ನನ್ನೊಳಗೇ ಬಂದು ಬಿದ್ದವು. ಬಿಳಿ ಹೊಗೆ ರಸ್ತೆ ಮುಚ್ಚಿತು. ಅವಳು ಗಾಬರಿಯಲ್ಲೂ ನನ್ನನ್ನು ಬದಿಗೆ ತಂದು ನಿಲ್ಲಿಸಿದಳು. ರೊಟ್ಟಿ ಯಾರದೋ ಟೆಂಪೊದಲ್ಲಿ ಹೋಗಿ ಮುಟ್ಟಿತು, ಊಟದ ಪಂಕ್ತಿ ಎದ್ದ ಮೇಲೆ.

ಮಹಾರುದ್ರಪ್ಪ ಫಕ್ಕೀರಪ್ಪನನ್ನು ಕರೆದುಕೊಂಡು ಬಂದ. ಸುತ್ತ ಜನ ಸೇರಿದ್ದರು. ಅವರೆದುರಿಗೇ ಅಂದ: "ಹೆಂಗ ತುಳಿದಿಯೋ ಏನೋ! ನನ್ನ ಕೈಯಾಗ ಇದ್ದಾಗ ಒಂದ್ ದಿನಾ ಕೆಮ್ಮಿದ್ದಿಲ್ಲ. ಹೆಂಗಸರ ಕೈಯಾಗ ಗಾಡಿ ಕೊಟ್ರ ಹಿಂಗ ಆಗತೈತಿ."

ಜನ ನಕ್ಕರು. ಫಕ್ಕೀರಪ್ಪ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದ, ಮಹಾರುದ್ರಪ್ಪನ ಮುಖ ನೋಡಿದ, ಕಡ್ಡಿಯನ್ನು ಮತ್ತೆ ಒಳಗೆ ತೂರಿಸಿದ. "ಹೌದ್ರಿ, ಜೋರ್ ತುಳದಾರ," ಎಂದ.

ನನ್ನನ್ನು ಕಾರಿನಿಂದ ಬಿಚ್ಚಿ ಗ್ಯಾರೇಜಿನ ಹಿಂದೆ, ಸವೆದ ಟೈರುಗಳ ಪಕ್ಕಕ್ಕೆ ಒಗೆದರು. ಕೆಲವು ದಿನಗಳ ಮೇಲೆ ನೀಲಗಂಗವ್ವ ಬಂದಳು. ಬಂದವಳು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗಿನ ತುದಿಯಿಂದ ಧೂಳು ಒರೆಸಿದಳು. ಕಣ್ಣು ತುಂಬಿತ್ತು.

"ತಪ್ಪಾತಪಾ," ಎಂದಳು. "ಅಣ್ಣನ ಕೈಯಾಗ ಚೊಲೋ ಇದ್ದಿ ನೀ. ನನ್ನ ಕೈಗೆ ಬಂದು ಹಾಳಾದಿ. ಇನ್ನ ಯಾವ ಗಾಡೀನೂ ಮುಟ್ಟಂಗಿಲ್ಲ ನಾ."

ಅಲ್ಲ ಕಣವ್ವಾ, ಅಲ್ಲ! ನನ್ನನ್ನು ಚೆನ್ನಾಗಿ ನೋಡಿಕೊಂಡವಳು ನೀನೊಬ್ಬಳೇ ಎಂದು ಕೂಗಬೇಕೆನಿಸಿತು. ಕೂಗಲು ನನ್ನಲ್ಲಿ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಅವಳು ನನಗೆ ಕೈಮುಗಿದು ಎದ್ದಳು. ರಸ್ತೆಯಲ್ಲಿ ಟೆಂಪೊದವನು ಹಾರ್ನ್ ಹೊಡೆಯುತ್ತಿದ್ದ. ಅವಳು ಟೆಂಪೊದ ಹಿಂಬದಿಗೆ ಹೋಗಿ, ರೊಟ್ಟಿ ಬುಟ್ಟಿಗಳ ನಡುವೆ ಹತ್ತಿ ಕೂತಳು.