ಮೇಲಿನ ಎಂಜಿನ್

"ಇನ್ನೇನು ಭೂಮಿ ಸುತ್ತಾಕ ಹತ್ತತೈತಿ, ನೋಡ್ರಿ," ಎಂದು ಶೈಲಶ್ರೀ ಹೇಳುತ್ತಿದ್ದ ಹಾಗೆಯೇ ಗೋಡೆಯ ಪರದೆಯ ಮೇಲೆ ಕಂಪ್ಯೂಟರ್ ಆಟದ ರಾಕೆಟ್ಟಿನ ಬೆಂಕಿ ನಂದಿಹೋಯಿತು. ಇಂಧನ ಸೊನ್ನೆ. ರಾಕೆಟ್ಟು ಮೆಲ್ಲಗೆ ಮೂತಿ ಬಾಗಿಸಿ ಸಮುದ್ರದ ಕಡೆ ಬೀಳತೊಡಗಿತು. ಕಮಲಾಪುರದ ಆ ಶಾಲೆಯ ಹಾಲ್‌ನಲ್ಲಿ ಕೂತಿದ್ದ ಪಾಲಕರು ಮೊದಲು ಇದೂ ಆಟದ ಭಾಗವೇ ಇರಬೇಕೆಂದುಕೊಂಡರು. ಆಮೇಲೆ ಯಾರೋ ನಕ್ಕರು, ಅವರ ಹಿಂದೆ ಎಲ್ಲರೂ ನಕ್ಕರು.

ಕೊನೆಯ ಸಾಲಿನಲ್ಲಿದ್ದ ಅವಳ ಗಂಡ ವೀರೇಶನಿಗೆ ಮಾತ್ರ ನಗು ಬರಲಿಲ್ಲ. ಹೇಗೆ ಬಂದೀತು? ಬೀಳಿಸಿದವನೇ ಅವನು!

ವೀರೇಶ ಸಂಡೂರಿನ ಗಣಿಯೊಂದರ ಲಾರಿ ಗ್ಯಾರೇಜಿನಲ್ಲಿ ಫೋರ್‌ಮನ್. ಇಪ್ಪತ್ತು ವರ್ಷ ಅದಿರಿನ ಲಾರಿಗಳು ಘಾಟಿ ಹತ್ತುವುದನ್ನು ನೋಡಿದವನಿಗೆ ಒಂದೇ ನಂಬಿಕೆ: ದಮ್ಮಿಲ್ಲದ ಎಂಜಿನ್ ಏರಿನಲ್ಲಿ ಕೈಕೊಡುತ್ತದೆ. ಕಂಪ್ಯೂಟರಿನ ಈ ರಾಕೆಟ್ ಆಟದಲ್ಲಿ ಸೈನ್ಸ್ ಟೀಚರ್ ಶೈಲಶ್ರೀಯೂ ಒಂಬತ್ತನೇ ಕ್ಲಾಸಿನ ಯಶೋಧರಾಳೂ ಎರಡು ವಾರ ಎಂಜಿನ್‌ಗಳನ್ನು ಜೋಡಿಸಿ ಜೋಡಿಸಿ ಸೋತಿದ್ದರು. ಕಡೆಗೆ ಹೊಂದಿಸಿದ್ದು ಆ ಹುಡುಗಿಯೇ. ನೆಲ ಬಿಡುವುದಕ್ಕೆ ಕೆಳಗೆ ಮೂರು ದೊಡ್ಡವು. ಗಾಳಿಯ ಪದರ ದಾಟಿದ ಮೇಲೆ ಉರಿಯುವುದಕ್ಕೆ ಮೇಲುಗಡೆ ಒಂದೇ ಒಂದು ಸಣ್ಣದು. ಬಲ ಕಡಿಮೆ, ತೂಕವೂ ಕಡಿಮೆ. ಇಂಧನವನ್ನು ಹನಿ ಹನಿಯಾಗಿ ಕುಡಿದು ಬಹಳ ಹೊತ್ತು ಉರಿಯುವಂಥದು. ಅದು ನಿನ್ನೆ ಭೂಮಿಯನ್ನು ಸುತ್ತಿಯೂ ಬಂದಿತ್ತು. ಇವತ್ತು ಎಲ್ಲರೆದುರು ಸುತ್ತಿದರೆ ಶನಿವಾರ ಮಧ್ಯಾಹ್ನ ಕಂಪ್ಯೂಟರ್ ರೂಮನ್ನು ಹುಡುಗಿಯರಿಗೆ ಬಿಟ್ಟುಕೊಡಲು ಹೆಡ್‌ಮಾಸ್ತರ್ ನಾಗೇಂದ್ರಪ್ಪ ಒಪ್ಪಿದ್ದರು.

ಬೆಳಿಗ್ಗೆ ಹೆಂಡತಿ ಸೀರೆ ಉಡುತ್ತಿದ್ದಾಗ ವೀರೇಶ ಆ ಆಟವಿದ್ದ ತನ್ನ ಲ್ಯಾಪ್‌ಟಾಪ್ ಮುಂದೆ ಕೂತ. ಆ ಬಡಕಲು ಎಂಜಿನ್ ನೋಡಿ ಅವನಿಗೆ ತಡೆಯಲಾಗಲಿಲ್ಲ. ಅದನ್ನು ಕಿತ್ತು, ಇದ್ದುದರಲ್ಲೇ ದೊಡ್ಡದನ್ನು ಹಾಕಿ, ಮೊದಲಿನಂತೆ ಕವಚ ಮುಚ್ಚಿ ಸೇವ್ ಮಾಡಿಟ್ಟ. ಹೇಳಿದರೆ ಬ್ಯಾಡ ಅಂತಾಳೆ, ಗೆದ್ದ ಮೇಲೆ ಹೇಳಿದರಾಯಿತು ಎಂದುಕೊಂಡ. ಅಷ್ಟಕ್ಕೇ ಸುಮ್ಮನಿದ್ದನೇ ಮಹಾರಾಯ? ಹಾಲ್‌ಗೆ ಬಂದು ಪಕ್ಕದ ಕುರ್ಚಿಯಲ್ಲಿದ್ದ ಗ್ಯಾರೇಜಿನ ಗೆಳೆಯ ಹುಲುಗಪ್ಪನಿಗೆ, "ಮ್ಯಾಲಿನ ಎಂಜಿನ್ ನಾನೇ ಹಾಕೀನಲೇ," ಎಂದು ಕೊಚ್ಚಿಕೊಂಡಿದ್ದ. ಹುಲುಗಪ್ಪ ಈಗ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಏನ್ ಮೇಡಮ್ಮೋರೆ, ಆಕಾಶಕ್ಕಂತ ಹೊಂಟಿದ್ದು ನೀರಿಗೆ ಬಿತ್ತಲ್ರಿ!" ಎಂದರು ಹೆಡ್‌ಮಾಸ್ತರು. "ಕಂಪ್ಯೂಟರ್ ರೂಮಿನ ಮಾತು ಮುಂದಿನ ವರ್ಷ ನೋಡೋಣ ಬಿಡ್ರಿ."

ಯಶೋಧರಾ ಎದ್ದು ನಿಂತಳು. "ನಾ ಆರಿಸಿದ ಸಣ್ಣ ಎಂಜಿನ್ನಿಂದ ಬಿತ್ತೇನ್ರಿ ಟೀಚರ್?"

ಶೈಲಶ್ರೀ ಲ್ಯಾಪ್‌ಟಾಪಿನಲ್ಲಿ ರಾಕೆಟ್ಟಿನ ಕವಚ ಬಿಚ್ಚಿ ನೋಡಿದಳು. ಒಳಗೆ ಬೇರೆಯೇ ಎಂಜಿನ್ ಕೂತಿತ್ತು. ತಲೆಯೆತ್ತಿ ನೇರವಾಗಿ ಕೊನೆಯ ಸಾಲನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, "ಇಲ್ಲವ್ವ, ತಪ್ಪು ನಂದು," ಅಂದಳು.

ಎದ್ದು ನಿಲ್ಲಬೇಕಾದ ಹೊತ್ತು ಅದು. ವೀರೇಶ ಏಳಲಿಲ್ಲ. ನೂರು ಮಂದಿಯ ಎದುರು, ಅದಕ್ಕಿಂತ ಹೆಚ್ಚಾಗಿ ಹುಲುಗಪ್ಪನ ಎದುರು, ಬಾಯಿ ಬರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು ಎಂದು ಒಳಗೊಳಗೇ ಬೈದುಕೊಂಡ. ಬೈದುಕೊಳ್ಳುತ್ತಾ ಕೂತೇ ಇದ್ದ.

ಹೊರಗೆ ಬೈಕಿನ ಹತ್ತಿರ ಶೈಲಶ್ರೀ ನಿಂತಿದ್ದಳು. ಯಶೋಧರಾ ವೀರೇಶನ ಬಳಿ ಬಂದಳು. ಅತ್ತು ಮುಖ ತೊಳೆದುಕೊಂಡಿದ್ದಳು.

"ಸಾರಿ ರೀ ಸರ್. ಎರಡು ವಾರ ನಿಮ್ಮ ಲ್ಯಾಪ್‌ಟಾಪ್ ಸುಮ್ಮನ ಇಟ್ಕೊಂಡ್ವಿ."

ವೀರೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ನಮಸ್ಕಾರ ಮಾಡಿ ಗೇಟಿನ ತನಕ ಹೋಗಿಬಿಟ್ಟಿದ್ದಳು.

"ನಿಲ್ಲವ್ವ!" ಅವನು ಅಂದುಕೊಂಡದ್ದಕ್ಕಿಂತ ದೊಡ್ಡ ದನಿ ಹೊರಟಿತು. "ನಿನ್ನ ಎಂಜಿನ್ ಅಲ್ಲ ಅದು. ಮುಂಜಾನಿ ನಾನು ಕಿತ್ತು ಬ್ಯಾರೇದು ಹಾಕೀನಿ. ನಿಮ್ಮ ಟೀಚರಿಗೂ ಹೇಳಲಿಲ್ಲ. ಒಳಗ ಎಲ್ಲಾರೂ ನಗೋವಾಗ್ಲೂ ಹೇಳಲಿಲ್ಲ."

ಹಾಲ್‌ಗೆ ಬೀಗ ಹಾಕುತ್ತಿದ್ದ ಹೆಡ್‌ಮಾಸ್ತರು ತಿರುಗಿದರು. ಚಪ್ಪಲಿ ಹುಡುಕುತ್ತಿದ್ದ ಪಾಲಕರು ನಿಂತರು, ಹುಲುಗಪ್ಪನೂ ನಿಂತ. ಶೈಲಶ್ರೀ ಗಂಡನ ಮುಖ ನೋಡದೆ ಲ್ಯಾಪ್‌ಟಾಪಿನ ಚೀಲವನ್ನು ಅವನತ್ತ ಚಾಚಿದಳು.

ವೀರೇಶ ಲ್ಯಾಪ್‌ಟಾಪನ್ನು ಬೈಕಿನ ಸೀಟಿನ ಮೇಲಿಟ್ಟು ತೆರೆದ. ಬಿಸಿಲಿಗೆ ಏನೂ ಕಾಣುತ್ತಿರಲಿಲ್ಲ. ಅವನು ಎರಡೂ ಅಂಗೈ ಚಾಚಿ ಪರದೆಗೆ ನೆರಳು ಹಿಡಿದ. ಯಶೋಧರಾ ಬಗ್ಗಿ ದೊಡ್ಡದನ್ನು ಕಿತ್ತು ಪಕ್ಕಕ್ಕಿಟ್ಟು, ತನ್ನದನ್ನು ಜೋಡಿಸಿದಳು.

"ಸರ್, ಕೈ ಸ್ವಲ್ಪ ಈ ಕಡಿ."

ಅವನು ಕೈ ಸರಿಸಿದ. ರಾಕೆಟ್ಟು ಮೇಲೆದ್ದಿತು. ಕೆಳಗಿನ ಮೂರೂ ಉದುರಿದವು, ಸಣ್ಣದು ಹೊತ್ತಿಕೊಂಡಿತು. ಹೆಡ್‌ಮಾಸ್ತರು ಬೀಗದ ಕೈ ಹಿಡಿದುಕೊಂಡೇ ಹತ್ತಿರ ಬಂದರು. ಆ ಸಣ್ಣ ಬೆಂಕಿ ಉರಿಯುತ್ತಲೇ ಇತ್ತು. ತೋಳು ನಡುಗಲು ಶುರುವಾದರೂ ವೀರೇಶ ಕೈ ಇಳಿಸಲಿಲ್ಲ.