ಮಂಡಿಯ ಬೀಗದ ಕೈ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತಪ್ಪು ಮಾಡಿದವಳು ನಾನೇ.

ಅರಸೀಕೆರೆಯಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ. ಮಾವನವರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ನನ್ನ ಗಂಡ ಬೇಲೂರಿನಲ್ಲಿ ಮೇಷ್ಟ್ರು, ಕೊಬ್ಬರಿ ಅವರ ಪಾಲಿಗೆ ಚಟ್ನಿಗೆ ಮಾತ್ರ. ಮಂಡಿಯ ಬೀಗದ ಕೈ ಮೂವತ್ತೊಂದು ವರ್ಷದಿಂದ ಹನುಮಂತಯ್ಯನವರ ಉಡಿದಾರದಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವವರು ಅವರು, ಕೊಬ್ಬರಿ ತೂಗುವವರು ಅವರು, ಸಂಜೆ ಷಟರ್ ಎಳೆದು ಆರೂವರೆ ಬಸ್ಸಿಗೆ ಊರಿಗೆ ಹೊರಡುವವರೂ ಅವರೇ.

ಹೋದ ವರ್ಷ ಬೀದಿಯ ಕೊನೆಯ ಮಂಡಿಯಲ್ಲಿ ಕಳ್ಳತನವಾಯಿತು. ನಾನು ತಡಮಾಡದೆ ಸೈರನ್ ಹಾಕಿಸಿದೆ. ಹಾಸನದಿಂದ ಬಂದ ಕಿರಣ್ ಎಂಬ ಮೆಕ್ಯಾನಿಕ್ ಒಳಗಿನ ಗೋಡೆಗೆ ಒಂದು ಬಿಳಿ ಡಬ್ಬಿ ಕೂರಿಸಿ, ಷಟರ್ ಮುಚ್ಚಿದ ಮೇಲೆ ಯಾರಾದರೂ ಓಡಾಡಿದರೆ ಇದಕ್ಕೆ ಗೊತ್ತಾಗುತ್ತದೆ ಎಂದ. ಅದು ಕೂಗಿದರೆ ಸುತ್ತಲಿನ ಮಂಡಿಯವರೆಲ್ಲ ಓಡಿಬರಬೇಕೆಂದು ಮಾತಾಯಿತು.

ಓಡಿಬಂದರು, ಪಾಪ, ಎರಡು ವಾರ. ಬಾಗಿಲು ಹಾಕಿ ಮುಕ್ಕಾಲು ಗಂಟೆ ಕಳೆಯಿತೆನ್ನುವಷ್ಟರಲ್ಲಿ ಅದು ಕಿರುಚಿಕೊಳ್ಳುತ್ತಿತ್ತು. ತೆಗೆದು ನೋಡಿದರೆ ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಇಲಿ ಇರಬೇಕೆಂದು ಬೋನಿಟ್ಟೆ. ಕಿರಣ್‌ನನ್ನು ಎರಡು ಸಲ ಕರೆಸಿದೆ. ಹೋಗುವಾಗ ಒಳಗೆ ಏನಾದರೂ ಆನ್ ಮಾಡಿ ಬಿಟ್ಟಿರುತ್ತೀರಾ ಎಂದು ಅವನು ಕೇಳಿದ. ಫ್ಯಾನು, ಲೈಟು ಎಲ್ಲ ನಾನೇ ಕೈಯಾರೆ ಆಫ್ ಮಾಡುತ್ತೇನೆ, ಏನೂ ಇರುವುದಿಲ್ಲ ಎಂದು ಗದರಿ ಕಳಿಸಿದೆ.

ಮೂರನೇ ವಾರ ಬಂದವರು ಪಕ್ಕದ ಮಂಡಿಯ ರೇವಣಸಿದ್ದಪ್ಪನವರೊಬ್ಬರೇ, ಅದೂ ಚಪ್ಪಲಿ ಎಳೆದುಕೊಂಡು. ಬೀಗದ ಕೈ ಯಾರ ಹತ್ತಿರ ಇದೆಯೋ ಅವರನ್ನೇ ಕೇಳಿ ಎಂದು ಹೇಳಿ ಹೋದರು. ಆ ಮಾತು ನನ್ನ ತಲೆಗೆ ಹೊಕ್ಕಿತು. ಮಾರನೆಯ ಬೆಳಿಗ್ಗೆ, ರೈತರು ಹಮಾಲರು ಕಿಕ್ಕಿರಿದಿದ್ದ ಹೊತ್ತಿನಲ್ಲಿ, ಕೂಗಾಡಿಬಿಟ್ಟೆ.

"ಬಾಗಿಲು ಹಾಕಿದ್ಮೇಲೆ ಒಳಗೆ ಯಾರನ್ನ ಬಿಡ್ತಿದ್ದೀರಾ, ಹನುಮಂತಯ್ಯ? ಬೀಗದ ಕೈ ಕೊಡಿ."

ಅವರು ಉಡಿದಾರದ ಗಂಟು ಬಿಚ್ಚಿ, ಬೀಗದ ಕೈಯನ್ನು ನನ್ನ ಕೈಗೆ ಕೊಡದೆ ತಕ್ಕಡಿಯ ತಟ್ಟೆಯ ಮೇಲಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು.

ಅದೇ ಮಧ್ಯಾಹ್ನ ಗಂಡನ ಚಿಕ್ಕಪ್ಪ ತೀರಿಕೊಂಡ ಸುದ್ದಿ ಬಂತು. ಹತ್ತು ದಿನ ಸೂತಕ. ವ್ಯಾಪಾರ ನಿಲ್ಲಿಸುವಂತಿರಲಿಲ್ಲ, ಹಾಗಾಗಿ ನಾನೇ ಮಂಡಿ ತೆಗೆದೆ, ನಾನೇ ಮುಚ್ಚಿದೆ. ಆ ಹತ್ತು ದಿನ ಸೈರನ್ ಒಂದು ಸಲವೂ ಕೂಗಲಿಲ್ಲ. ಮುದುಕನದೇ ಕೆಲಸ ಎಂದು ಬೀದಿಯೆಲ್ಲ ತೀರ್ಮಾನಿಸಿತು. ನಾನೂ ನಂಬಿದೆ, ನೆಮ್ಮದಿಯಿಂದ ಊಟವನ್ನೂ ಮಾಡಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸೂತಕ ಕಳೆದ ಸಂಜೆ ಬಾಗಿಲು ಹಾಕಿ, ಮೂಲೆಯ ಹೋಟೆಲಿನಲ್ಲಿ ಕಾಫಿ ಕುಡಿದು, ಪೇಪರ್ ಪೂರ್ತಿ ಓದಿ ಏಳುವಷ್ಟರಲ್ಲಿ ಸೈರನ್ ಕೂಗಿತು. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು. ಬೀದಿಯಲ್ಲಿ ಯಾರೂ ತಿರುಗಿ ಸಹ ನೋಡಲಿಲ್ಲ.

ಇದರ ಬುಡ ಕಾಣದೆ ಮನೆಗೆ ಹೋಗುವುದಿಲ್ಲ ಎಂದುಕೊಂಡು ಷಟರ್ ಎತ್ತಿದೆ. ಸೈರನ್ ಕೂಗಿದ ದಿನಗಳನ್ನು ಗುರುತು ಹಾಕಿದ್ದ ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಕೂತೆ. ಸೂತಕದ ಹತ್ತು ದಿನ ಮಾತ್ರ ಖಾಲಿ. ಆ ದಿನಗಳಲ್ಲೂ ತೂಗಿದ್ದೆ, ಗುಡಿಸಿದ್ದೆ, ಬೀಗ ಹಾಕಿದ್ದೆ. ಹಾಗಾದರೆ ಮಾಡದೆ ಬಿಟ್ಟದ್ದೇನು? ತಲೆಯೆತ್ತಿದರೆ ಎದುರಿಗೇ ಗೋಡೆಯ ಗೂಡಿನಲ್ಲಿ ಲಕ್ಷ್ಮಿಯ ಪಟ, ಅದರ ಮುಂದೆ ಆಗಷ್ಟೇ ಆರಿದ ದೀಪ.

ದಿನಾ ಬಾಗಿಲು ಹಾಕುವ ಮುಂಚೆ ದೀಪ ಹಚ್ಚುವವಳು ನಾನೇ. ದೇವರ ದೀಪವನ್ನು ಯಾರೂ ಆರಿಸುವುದಿಲ್ಲ. ಎಣ್ಣೆ ತೀರಿದ ಮೇಲೆ ಅದೇ ಆರುತ್ತದೆ. ಸೂತಕವೆಂದು ಹತ್ತು ದಿನ ಹಚ್ಚಿರಲಿಲ್ಲ. ಕಿರಣ್ ಅಷ್ಟು ಕೇಳಿದರೂ ದೀಪ ನನಗೆ ಹೊಳೆದಿರಲಿಲ್ಲ. ದೀಪವನ್ನು ಆನ್ ಮಾಡಿ ಬಿಟ್ಟಿದ್ದೇನೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ? ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಆ ಡಬ್ಬಿ ನೋಡುವುದೇ ಬಿಸಿಯ ಅಲುಗಾಟವನ್ನು, ಎಣ್ಣೆ ತೀರುವಾಗ ಉರಿ ಎಗರಾಡುತ್ತದಲ್ಲ ಮೇಡಂ, ಅಷ್ಟು ಸಾಕು ಎಂದ.

ಹನುಮಂತಯ್ಯನವರು ಹಳೇಬೀಡಿನ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತಾ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತೆಂದು ಬೀಗದ ಕೈ ಚಾಚಿದೆ. ಅವರು ಹಗ್ಗ ಕೆಳಗಿಡಲಿಲ್ಲ.

"ಎಲ್ಲಾರ್ ಮುಂದೆ ಇಸ್ಕಂಡ್ರಿ ಕಣವ್ವ. ಕೊಡಾದೂ ಎಲ್ಲಾರ್ ಮುಂದೇನೆ ಕೊಡ್ರಿ."

ನ್ಯಾಯವಾದ ಮಾತು. ಮುಂದಿನ ಮಾರುಕಟ್ಟೆಯ ದಿನ ಬನ್ನಿ ಎಂದೆ.

ಆ ದಿನ ಹನ್ನೊಂದು ಗಂಟೆಗೆ ಎಲ್ಲರನ್ನೂ ಹೊರಗೆ ಕಳಿಸಿದೆ. ದೀಪಕ್ಕೆ ಎಂದಿನಷ್ಟೇ ಎಣ್ಣೆ ಹಾಕಿ ಹಚ್ಚಿ, ಸೈರನ್ ಆನ್ ಮಾಡಿ, ಷಟರ್ ಎಳೆದೆ. ಹತ್ತು ನಿಮಿಷ ಕಳೆಯಿತು, ಅರ್ಧ ಗಂಟೆ ಕಳೆಯಿತು. ತೂಕ ತಡವಾಗುತ್ತಿದೆಯೆಂದು ರೈತರು ಗೊಣಗಿದರು. ರೇವಣಸಿದ್ದಪ್ಪನವರು ಗಡಿಯಾರ ನೋಡಿಕೊಂಡು ನಕ್ಕರು. ನಾನು ಜಾಗ ಬಿಟ್ಟು ಕದಲಲಿಲ್ಲ. ಹನುಮಂತಯ್ಯನವರು ಒಂದು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ನಲವತ್ತೆಂಟನೇ ನಿಮಿಷಕ್ಕೆ ಸೈರನ್ ಇಡೀ ಬೀದಿ ಬೆಚ್ಚುವಂತೆ ಕೂಗಿತು. ಷಟರ್ ಎತ್ತಿದೆ. ಒಳಗೆ ಯಾರೂ ಇರಲಿಲ್ಲ; ಬತ್ತಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು.

"ಇದು ನಾನು ಹಚ್ಚಿದ ದೀಪ. ತಪ್ಪು ನಂದು, ಹನುಮಂತಯ್ಯನೋರದ್ದಲ್ಲ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಬೀಗದ ಕೈಯನ್ನು ಅವರ ಕೈಯಲ್ಲಿಟ್ಟೆ. ರೇವಣಸಿದ್ದಪ್ಪನವರು ಮೆಲ್ಲಗೆ ತಮ್ಮ ಮಂಡಿಯೊಳಕ್ಕೆ ಹೋದರು. ಹನುಮಂತಯ್ಯನವರು ಅಂಗಿ ಎತ್ತಿ, ಎಲ್ಲರೂ ನೋಡುತ್ತಿದ್ದಂತೆ, ಅದನ್ನು ಉಡಿದಾರಕ್ಕೆ ಕಟ್ಟಿಕೊಂಡರು.

ದೀಪ ನಿಲ್ಲಿಸುವುದು ಇಬ್ಬರಿಗೂ ಒಪ್ಪಿಗೆಯಿರಲಿಲ್ಲ. ಬೇಗ ಹಚ್ಚುವುದು, ಅದಾಗಿಯೇ ಆರಿದ ಮೇಲೆ ಬೀಗ ಹಾಕುವುದು ಎಂದಾಯಿತು. ಆ ಸಂಜೆ ಚೀಲಗಳ ಮೇಲೆ ಕೂತು ಇಬ್ಬರೂ ದೀಪವನ್ನೇ ನೋಡುತ್ತಿದ್ದೆವು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಹನುಮಂತಯ್ಯನವರು ಉಡಿದಾರ ಮುಟ್ಟಿ ನೋಡಿಕೊಂಡು ನನ್ನ ಕಡೆ ತಿರುಗಿದರು.

"ನಾಳೆಯಿಂದ ಎಣ್ಣೆ ಒಸಿ ಕಮ್ಮಿ ಹಾಕವ್ವ," ಎಂದರು. "ಆರೂವರೆ ಬಸ್ಸು ತಪ್ಪೋಯ್ತದೆ."