ಬೇಲಿಯ ಟಿಕ್ ಟಿಕ್

ನಮ್ಮವರ ಹೆಸರು ಬೋಜಪ್ಪ. ಕಿವಿ ಬಹಳ ಚುರುಕು, ಕಾಲು ಮಾತ್ರ ಏಳುವುದಿಲ್ಲ. ಗುತ್ತಿಗಾರಿನ ಕಾಡಿನ ಅಂಚಿನಲ್ಲಿ ನಾನು ನೇಂದ್ರ ಬಾಳೆ ನೆಟ್ಟಿದ್ದೇನೆ. ಈ ಜಾಗದಲ್ಲಿ ನನ್ನ ಕೈಯಾರೆ ಮಾಡಿದ್ದು ಎಂದು ಹೇಳಿಕೊಳ್ಳಲು ಇರುವುದು ಅದೊಂದೇ. ಆನೆ ಬಾರದಂತೆ ಸುತ್ತ ಸೋಲಾರ್ ಬೇಲಿ ಉಂಟು. ತಂತಿಗೆ ಕರೆಂಟ್ ಹೋಗುತ್ತಿದ್ದರೆ ಅದರ ಪೆಟ್ಟಿಗೆ ಟಿಕ್ ಟಿಕ್ ಎನ್ನುತ್ತದೆ. ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿದರೆ ಕರೆಂಟೆಲ್ಲ ನೆಲಕ್ಕಿಳಿದು ಬ್ಯಾಟರಿ ಸಾಯುತ್ತದೆ. ಹಾಗಾಗಿ ಬೇಲಿಯ ಉದ್ದಕ್ಕೂ ನಡೆದು ಬುಡದ ಕಾಡುಗಿಡ, ಬಳ್ಳಿ ಕತ್ತಿಯಿಂದ ಸವರಬೇಕು. ಅದು ನಮ್ಮವರ ಕೆಲಸ.

ಮಳೆ ಹಿಡಿದ ಮೇಲೆ ಹೇಳಿ ಹೇಳಿ ನನ್ನ ಬಾಯಿ ಸೋತಿತು. ಇವರು ಸಂಜೆ ಜಗಲಿಯಲ್ಲಿ ಕುಳಿತು ಬೇಲಿಯ ಕಡೆ ಕಿವಿ ಕೊಡುತ್ತಾರೆ. ಟಿಕ್ ಟಿಕ್ ಕೇಳಿದರೆ ಸಾಕು, ಕರೆಂಟ್ ಉಂಟು ಎಂದು ಎಲೆಯಡಿಕೆ ಬಾಯಿಗಿಟ್ಟುಕೊಳ್ಳುತ್ತಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಗೊನೆ ಬಲಿತ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಅರ್ಧ ತೋಟ ನೆಲಸಮ. ನಾನು ಕೆಸರಲ್ಲೇ ಕುಳಿತು ಅತ್ತೆ. ಅಳು ಮುಗಿದ ಮೇಲೆ ಬೈದೆ. ಮಲಗುವವರೆಗೂ ಪೆಟ್ಟಿಗೆ ಟಿಕ್ ಎನ್ನುತ್ತಿತ್ತು ಎಂದು ಇವರು ಆಣೆ ಹಾಕಿದರು. ಹಾಕುತ್ತಿರುವಾಗಲೇ ಟಿಕ್ ಟಿಕ್ ಕೇಳಿತು. ಪೆಟ್ಟಿಗೆ ತೆರೆದರೆ ಬ್ಯಾಟರಿ ಸತ್ತು ಎಷ್ಟೋ ದಿನವಾದಂತಿತ್ತು. ಶಬ್ದ ಬರುತ್ತಿದ್ದದ್ದು ಪಕ್ಕದ ಕಂಬಕ್ಕೆ ಸುತ್ತಿದ ಬಳ್ಳಿಯಿಂದ. ಎಲೆ ಸರಿಸಿದರೆ ಉಗುರಿನಷ್ಟು ದೊಡ್ಡದೊಂದು ಕಪ್ಪೆ, ಗಂಟಲು ಉಬ್ಬಿಸಿಕೊಂಡು ಕುಳಿತಿತ್ತು.

ಇಷ್ಟು ದಿನ ನನ್ನ ಬಾಳೆ ಕಾದದ್ದು ಇದು.

ಇವರು ಮೊದಲು ಮಾಡಿದ್ದೇನು? ಫೋಟೋ ತೆಗೆದು ನನ್ನ ತಂಗಿಯ ಮಗಳು ಸುರಕ್ಷಾಗೆ ಕಳಿಸಿದರು. ಅವಳು ಪುತ್ತೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಟೀಚರು. ಮಧ್ಯಾಹ್ನದೊಳಗೆ ಬಂದವಳು ಬಿದ್ದ ಬಾಳೆಗಳನ್ನು ದಾಟಿಕೊಂಡು ನೇರ ಕಪ್ಪೆಯ ಹತ್ತಿರ ಹೋದಳು. ಇಂಥದು ಈ ಬೆಟ್ಟಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವಂತೆ, ನೋಡಿದವರೂ ಕಡಿಮೆಯಂತೆ. ಎಲೆಯ ಮೇಲೆ ಮೊಟ್ಟೆ, ಮೊಟ್ಟೆಯಿಂದ ಸೀದಾ ಮರಿಕಪ್ಪೆ, ನೀರೇ ಬೇಡವಂತೆ. ಟಿಕ್ ಟಿಕ್ ಎಂದು ಗಂಡು ಹೆಣ್ಣನ್ನು ಕರೆಯುವುದಂತೆ. ಅದು ಕರೆದದ್ದು ಹೆಂಡತಿಯನ್ನು, ನೆಮ್ಮದಿಯಾಗಿ ಮಲಗಿದ್ದು ನನ್ನ ಗಂಡ.

"ದೊಡ್ಡಮ್ಮ, ಈ ಬಳ್ಳಿ ಕಡಿಯುದು ಬೇಡ. ಮೊಟ್ಟೆ ಉಂಟು," ಎಂದಳು.

ನನಗೆ ಮೈಯೆಲ್ಲ ಉರಿಯಿತು. ಬೇಲಿಯನ್ನು ಕೊಂದದ್ದೇ ಇಂಥ ಬಳ್ಳಿಗಳು. ರುಚಿ ಕಂಡ ಆನೆ ಉಳಿದರ್ಧಕ್ಕೆ ಇವತ್ತೇ ಬರುತ್ತದೆ.

"ಆನೆಗೆ ಬಾಳೆ, ಕಪ್ಪೆಗೆ ಬಳ್ಳಿ. ಇದರಲ್ಲಿ ನನಗೆ ಎಂತ ಉಂಟು?"

ಸುರಕ್ಷಾ ಬಸ್ಸಿಗೆ ಹೊರಟಳು. ನಾನು ಒಳಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಇವರನ್ನು ಊಟಕ್ಕೂ ಕರೆಯಲಿಲ್ಲ.

ಇವರು ಬರಲೂ ಇಲ್ಲ. ಸಂಜೆ ಹೋಗಿ ನೋಡಿದರೆ ಬೇಲಿಯ ಬುಡ ಉದ್ದಕ್ಕೂ ಬೋಳು. ಪಕ್ಕದ ಮನೆ ಪರಮೇಶ್ವರನ ಜೀಪಿನ ಬ್ಯಾಟರಿ ತಂದು ಪೆಟ್ಟಿಗೆಗೆ ಕಟ್ಟಿದ್ದರು. ಕಪ್ಪೆಯ ಬಳ್ಳಿಯೊಂದನ್ನು ಮಾತ್ರ ಮುಟ್ಟಿರಲಿಲ್ಲ. ಅಲ್ಲಿ ಎರಡು ಗೂಟ ಹುಗಿದು, ಬಳ್ಳಿಗೆ ತಾಗದಂತೆ ತಂತಿಯನ್ನೇ ಆಚೆ ಎಳೆದಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಆದರೂ ಹಾಕಿದ್ದರು.

ಟಿಕ್ ಟಿಕ್ ಕೇಳುತ್ತಿತ್ತು. ಯಾವುದು ಬೇಲಿ, ಯಾವುದು ಕಪ್ಪೆ, ಈಗಲಾದರೂ ಗೊತ್ತೋ ಎಂದು ಕೇಳಿದೆ. ಇವರು ಬಲಗೈ ಮುಂದೆ ಹಿಡಿದರು.

"ಮುಟ್ಟಿ ನೋಡಿದೆ. ಕರೆಂಟ್ ಉಂಟು."

ಊರಿನವರೆಲ್ಲ ಹಸಿ ಹುಲ್ಲಿನ ಕಡ್ಡಿ ತಾಗಿಸಿ ನೋಡುತ್ತಾರೆ, ಆಗ ಶಾಕ್ ಸಣ್ಣದಾಗಿ ಹೊಡೆಯುತ್ತದೆ. ಬರಿಗೈಯಲ್ಲಿ ಯಾರೂ ಮುಟ್ಟುವುದಿಲ್ಲ.

"ಹುಲ್ಲಲ್ಲಿ ಮುಟ್ಟುದಲ್ವಾ ಮಾರಾಯ್ರೆ."

"ಹುಲ್ಲೆಲ್ಲಿ ಉಂಟು? ಎಲ್ಲ ಸವರಿ ದನಕ್ಕೆ ಹಾಕಿದೆನಲ್ಲ."

ಇಂಥವರನ್ನು ಬೈಯುವುದಾದರೂ ಹೇಗೆ? ಬೈದೆ. ಬೈಯುತ್ತಲೇ ಮನೆಗೆ ಕರೆದುಕೊಂಡು ಬಂದು ಆ ಕೈಗೆ ಎಣ್ಣೆ ತಿಕ್ಕಿದೆ.